ಕೋವಿ ಕೇಳಲು ಬಂದ ಜೀಪು

ಎಲೆಕ್ಷನ್ ಬಂತೆಂದರೆ ನಮ್ಮ ಮನೆಯ ಕೋವಿಗೆ ಎಣ್ಣೆಸ್ನಾನ. ಮನುಷ್ಯರಿಗೂ ಇಲ್ಲದ ಉಪಚಾರ ಅದಕ್ಕೆ. ನನ್ನ ಮಾವ ಬೆಳಿಗ್ಗೆಯೇ ಜಗಲಿಯ ಮೇಲೆ ಹಳೆಯ ಪಂಚೆ ಹಾಸಿ, ಗೋಡೆಯ ಗೂಟದಿಂದ ಕೋವಿ ಇಳಿಸಿ, ಬಟ್ಟೆ ಸುತ್ತಿದ ಕಡ್ಡಿಯನ್ನು ಎರಡೂ ನಳಿಗೆಯೊಳಗೆ ಆಡಿಸಿ, ಮರದ ಹಿಡಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಿರಮಿರ ಮಿಂಚುವವರೆಗೆ ತಿಕ್ಕುತ್ತಿದ್ದರು. "ಏನ್ ಮಾವ, ಮದುವೆಗೆ ಹೊರಟಂಗೈತೆ" ಎಂದು ನಾನು ಕಿಚಾಯಿಸಿದರೆ, "ನಿನ್ನ ಮದ್ವೇಲಿ ನಿನ್ನೂ ಇಷ್ಟು ತಿಕ್ಕಿರ್ಲಿಲ್ಲ ಕಣವ್ವ" ಎನ್ನುತ್ತಿದ್ದರು.

ನಮ್ಮ ಕಡೆ ಕಾಫಿ ತೋಟ ಇದ್ದವರ ಮನೆಯಲ್ಲಿ ಲೈಸೆನ್ಸಿನ ಕೋವಿ ಇರುವುದು ಹೊಸದಲ್ಲ. ಬಿಸಿಲೆ ಕಡೆಯ ಕಾಡಿನಿಂದ ಇಳಿದು ಬರುವ ಹಂದಿಗಳನ್ನು ಹೆದರಿಸುವುದಕ್ಕೆ ಅಂತ ಹೆಸರು. ಚುನಾವಣೆ ಘೋಷಣೆಯಾದರೆ ಆ ಕೋವಿಗಳನ್ನೆಲ್ಲ ಪೇಟೆಯ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು, ಎಲ್ಲ ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಉಳಿದವರಿಗೆ ಅದೊಂದು ಕಾಟ. ಮಾವನಿಗೆ ಮಾತ್ರ ಅದೊಂದು ಸವಾರಿ. ಬಿಳಿ ಜುಬ್ಬ ತೊಟ್ಟು, ಹಣೆ ತುಂಬಾ ವಿಭೂತಿ ಧರಿಸಿ, ಕಂಬಳಿಯಲ್ಲಿ ಸುತ್ತಿದ ಕೋವಿಯನ್ನು ಹೆಗಲಿಗೇರಿಸಿಕೊಂಡು ಕೆಂಪು ಬಸ್ಸು ಹತ್ತುತ್ತಿದ್ದರು. "ಇದಕ್ಕೂ ಟಿಕೆಟ್ ಹರೀಲಾ ಯಜಮಾನ್ರೆ?" ಎಂದು ಕಂಡಕ್ಟರು ಪ್ರತಿ ಸಲವೂ ಅದೇ ತಮಾಷೆ ಮಾಡುತ್ತಿದ್ದ. ಪ್ರತಿ ಸಲವೂ ಮಾವ ಅದೇ ಮೊದಲು ಕೇಳಿದವರಂತೆ ನಗುತ್ತಿದ್ದರು.

ಸ್ಟೇಷನ್ನಿನ ಅಂಗಳದಲ್ಲಿ ಸುತ್ತಲಿನ ಊರುಗಳ ಮುದುಕರು ತಮ್ಮ ತಮ್ಮ ಕಂಬಳಿ ಗಂಟುಗಳೊಂದಿಗೆ ಸೇರಿರುತ್ತಿದ್ದರು. ಯಾರ ಕೋವಿ ಯಾರ ಅಜ್ಜನ ಕಾಲದ್ದು, ಯಾರದ್ದು ಬರೀ ಗೋಡೆಗೆ ಅಲಂಕಾರ ಎಂದು ಜಗಳವಾಡಿ, ರಸೀದಿ ಇಸಿದುಕೊಂಡು, ಎಲ್ಲರೂ ಒಟ್ಟಿಗೆ ಬಸ್ ನಿಲ್ದಾಣದ ಪಕ್ಕದ ಹೋಟೆಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಮೂಟೆಗಟ್ಟಲೆ ಕಾಫಿ ಇದ್ದವರು ಅಲ್ಲಿ ಕೂತು ಆ ಚಿಕೋರಿ ನೀರು ಕುಡಿದು, ಅದನ್ನು ಬಾಯ್ತುಂಬಾ ಬೈದು, ಇನ್ನೊಂದು ಲೋಟ ತರಿಸುತ್ತಿದ್ದರು. ಒಮ್ಮೆ ನಾನೂ ತವರಿಗೆ ಹೋಗುವ ನೆಪದಲ್ಲಿ ಜೊತೆಗೆ ಹೋಗಿ ಈ ದರ್ಬಾರು ನೋಡಿದ್ದೆ. ಆ ಮುದುಕರಲ್ಲಿ ಈಗ ಯಾರೂ ಇಲ್ಲ. ಹೋಟೆಲೂ ಇಲ್ಲ.

ನಾನು ಆಲೂರು ಪೇಟೆಯಲ್ಲಿ ಹುಟ್ಟಿದವಳು. ಪಾಳ್ಯದಿಂದ ಮೇಲಕ್ಕೆ, ಗದ್ದೆ ಮುಗಿದು ಕಾಫಿ ಶುರುವಾಗುವ ಈ ಊರಿಗೆ ಸೊಸೆಯಾಗಿ ಬಂದೆ. ಮದುವೆಗೆ ಮೊದಲು ನಾನು ಪೊಲೀಸರನ್ನು ನೋಡಿದ್ದು ಸಂತೆಯ ದಿನ, ಗಾಡಿ ಅಡ್ಡ ನಿಲ್ಲಿಸಿದವರ ಬೆನ್ನಿಗೆ ಲಾಠಿ ಬೀಸುವಾಗ. ಅವರ ಮೇಲೆ ನನಗೆ ಅಂಥ ಮಮತೆಯೇನೂ ಇರಲಿಲ್ಲ, ಈಗಲೂ ಬಹಳ ಇಲ್ಲ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಒಬ್ಬ ಪೊಲೀಸನನ್ನು ಹೊಗಳುವವಳಿದ್ದೇನೆ.

ಮಾವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನನಗೂ ಅಷ್ಟೇ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು, ನನ್ನ ಗಂಡ ಜಗಳ ಎಂದರೆ ಎದ್ದು ತೋಟಕ್ಕೆ ಹೋಗುವ ಮನುಷ್ಯ. ಹಾಗಾಗಿ ಮನೆಯಲ್ಲಿ ಸಿಟ್ಟು ಮಾಡಿಕೊಳ್ಳಲು ನಾವಿಬ್ಬರೇ. ಇಬ್ಬರಿಗೂ ಬಹಳ ಚೆನ್ನಾಗಿ ಹೊಂದಿತ್ತು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಕೋವಿಯ ಯಜಮಾನ ಸತ್ತರೆ ಅವನ ಹೆಸರಿನ ಲೈಸೆನ್ಸೂ ಸತ್ತಂತೆ. ಮಕ್ಕಳ ಹೆಸರಿಗೆ ಆಗುವವರೆಗೆ ಕೋವಿ ಸ್ಟೇಷನ್ನಿನಲ್ಲಿರಬೇಕು. ಅದನ್ನು ತೆಗೆದುಕೊಂಡು ಹೋಗಲು ಪೊಲೀಸರ ಜೀಪು ಮನೆಗೆ ಬರುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ತೋಟದ ಯಜಮಾನರು ಹೋದರು. ಕೆಲವು ದಿನ ಕಳೆದು ಜೀಪು ಬಂತು. ಪೇದೆಯೊಬ್ಬ ಕೋವಿ ಹೊತ್ತು ಹೊರಗೆ ಬಂದಾಗ, ಅಷ್ಟು ಹೊತ್ತು ಸುಮ್ಮನಿದ್ದ ಹೆಂಗಸರೆಲ್ಲ ಮತ್ತೆ ಹೊಸದಾಗಿ ಅಳಲು ಶುರುಮಾಡಿದರು. ಬದುಕಿರುವ ಯಜಮಾನ ತನ್ನ ಕೋವಿಯನ್ನು ತಾನೇ ಹೊತ್ತು ಸ್ಟೇಷನ್ನಿಗೆ ಹೋಗಬೇಕು, ಸತ್ತವನ ಕೋವಿಗೆ ಜೀಪು ಬರುತ್ತದೆ. ಎಲ್ಲೂ ಬರೆದಿಟ್ಟದ್ದಲ್ಲ ಇದು, ಆದರೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತಿತ್ತು.

ಹೊಸದಾಗಿ ವಿಜಾಪುರದ ಕಡೆಯಿಂದ ಬಂದ ಸಬ್ ಇನ್ಸ್‌ಪೆಕ್ಟರಿಗೆ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಆ ಸಲ ಚುನಾವಣೆ ಕಾಫಿ ಕುಯ್ಲಿನ ಸಮಯಕ್ಕೇ ಬಿತ್ತು. ಕಣದ ತುಂಬಾ ಕಾಫಿ ಹಣ್ಣು ಹರವಿತ್ತು, ಬಿಸಿಲಿಗೆ ಒಣಗಿ ಕೆಂಪು ಹಣ್ಣು ಕಪ್ಪಾಗುತ್ತಿತ್ತು. ಹಂದಿಗಳ ಕಾಟ ಬೇರೆ. ಕೋವಿ ಒಪ್ಪಿಸುವ ಗಡುವು ಹತ್ತಿರ ಬಂದರೂ ಮಾವ "ಈ ಒಂದು ತುಂಡು ಕುಯ್ಲು ಮುಗೀಲಿ, ಹೋಗ್ಬುಟ್ಟು ಬತ್ತೀನಿ" ಎಂದು ದಿನ ತಳ್ಳುತ್ತಿದ್ದರು. ಒಪ್ಪಿಸದೇ ಉಳಿದವರು ಅವರೊಬ್ಬರೇ ಅಲ್ಲ, ಇನ್ನೂ ಕೆಲವು ಮುದುಕರಿದ್ದರು. ಸಬ್ ಇನ್ಸ್‌ಪೆಕ್ಟರು ಒಳ್ಳೆಯ ಮನಸ್ಸಿನಿಂದಲೇ ಯೋಚಿಸಿದ್ದಾರೆ. ವಯಸ್ಸಾದವರು, ಭಾರದ ಕೋವಿ ಹೊತ್ತು ಬಸ್ಸಿನಲ್ಲಿ ಯಾಕೆ ಒದ್ದಾಡಬೇಕು, ನಾವೇ ಜೀಪಿನಲ್ಲಿ ಹೋಗಿ ತಂದುಬಿಡೋಣ ಅಂತ. ಅವರೊಂದಿಗಿದ್ದ ದಫೇದಾರ ಈ ಸೀಮೆಯವನೇ. ಅವನು ಬಾಯಿಬಿಟ್ಟು ಹೇಳಬಹುದಿತ್ತು. ಹೊಸ ಸಾಹೇಬರಿಗೆ ಎದುರು ಮಾತೇಕೆ ಎಂದು ಸುಮ್ಮನಾಗಿರಬೇಕು.

ನನ್ನ ಗಂಡ ಅಂದು ಕಾಫಿ ಮೂಟೆ ಹಾಕಿಸಿಕೊಂಡು ಸಕಲೇಶಪುರಕ್ಕೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ಹುರುಳಿಕಾಳು ಬೇಯಲಿಟ್ಟಿದ್ದೆ. ಬಿಸಿಲು ಚೆನ್ನಾಗಿ ಏರಿತ್ತು. ಜೀಪಿನ ಸದ್ದು ಕೇಳಿತು, ಅದರ ಹಿಂದೆಯೇ ಚಕ್ರದಡಿ ಕಾಫಿ ಹಣ್ಣು ಚಟಚಟ ಒಡೆಯುವ ಸದ್ದು. ಮುಂದಿನ ಕಿಟಕಿಗೆ ಓಡಿ ನೋಡಿದರೆ, ಡ್ರೈವರು ಗೇಟಿನಿಂದ ನೇರ ಕಣದ ಮೇಲೇ ಓಡಿಸಿಕೊಂಡು ಬಂದಿದ್ದ. ನಾವು ಚಪ್ಪಲಿ ಕಾಲಲ್ಲಿ ತುಳಿಯದ ಕಾಫಿ!

ಜಗಲಿಯಲ್ಲಿ ಕೂತಿದ್ದ ಮಾವ ಎದ್ದು ನಿಂತರು. ಸಬ್ ಇನ್ಸ್‌ಪೆಕ್ಟರು ಇಳಿದು ಕೈ ಮುಗಿದರು.

"ನಮಸ್ಕಾರ್ರಿ ಅಜ್ಜಾರ. ನೀವು ಬಸ್ಸಿನಾಗ ಒದ್ದಾಡೂದು ಬ್ಯಾಡಂತ ನಾವೇ ಬಂದೇವ್ರಿ. ಬಂದೂಕ ಕೊಟ್ಟಬಿಡ್ರಿ, ರಸೀದಿ ಇಲ್ಲೇ ಬರದು ಕೊಡ್ತೀನಿ."

ಮಾವ ಜೀಪನ್ನು ನೋಡಿದರು, ಚಕ್ರದ ಕೆಳಗಿನ ಕಾಫಿಯನ್ನು ನೋಡಿದರು. "ಈ ಮನೇಲಿ ಯಾರು ಸತ್ರು ಅಂತ ಜೀಪು ತಂದಿದೀಯಯ್ಯ?" ಎಂದು ಕೇಳಿದರು.

ಪಾಪ, ಆ ಮನುಷ್ಯನಿಗೆ ಏನೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ದಫೇದಾರ ಬೂಟುಗಾಲಲ್ಲೇ ಜಗಲಿ ಹತ್ತಿ, "ಯಜಮಾನ್ರೆ, ಸಾಹೇಬ್ರೇ ಮನೆ ಬಾಗ್ಲಿಗೆ ಬಂದವ್ರೆ, ಸುಮ್ಕೆ ಕೊಡಿ ಅತ್ಲಾಗೆ. ಎಲ್ಲೈತೆ, ನಾನೇ ತಗೊಂಬತ್ತೀನಿ" ಎಂದು ಬಾಗಿಲ ಕಡೆ ಹೆಜ್ಜೆ ಹಾಕಿದ. ಮಾವ ಅವನ ಎದೆಗೆ ಕೈಯಿಟ್ಟು ನೂಕಿದರು. ಅವನು ಕಂಬ ಹಿಡಿದುಕೊಂಡು ಹೇಗೋ ಬೀಳದೆ ನಿಂತ. ಮಾವ ಒಳಗೆ ಬಂದು ಮುಂಬಾಗಿಲಿಗೆ ಅಗುಳಿ ಹಾಕಿ, ಗೂಟದಿಂದ ಕೋವಿ ಇಳಿಸಿದರು. ಪೆಟ್ಟಿಗೆಯಿಂದ ತೋಟೆ ತೆಗೆದು ತುಂಬಿದ್ದೂ ಕಟಕ್ಕೆಂದು ಕೋವಿ ಮುಚ್ಚಿದ್ದೂ ನನ್ನ ಕಣ್ಣೆದುರಿಗೇ. ಅವರು ಆ ಕೋವಿಯನ್ನು ಆಕಾಶಕ್ಕಲ್ಲದೆ ಬೇರೆಲ್ಲಿಗೂ ಗುರಿಯಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಅಂದು ಕಿಟಕಿಯ ಸರಳಿನ ನಡುವೆ ಇಟ್ಟರು.

"ಒಬ್ಬ ಹೊಸ್ತಿಲು ದಾಟಲಿ ನೋಡ್ತೀನಿ! ನಾನಿನ್ನೂ ಸತ್ತಿಲ್ಲ ಕಣ್ರೋ!"

ಪೊಲೀಸರ ಸೊಂಟದಲ್ಲೂ ಪಿಸ್ತೂಲಿತ್ತು. ಅವರಲ್ಲಿ ಯಾರಾದರೂ ಹೆದರಿ ಒಂದು ಗುಂಡು ಹಾರಿಸಿದರೆ ಮಾವ ಇಲ್ಲ, ಮಾವ ಹಾರಿಸಿದರೆ ಅವರಿಗೆ ಜೀವಮಾನವಿಡೀ ಜೈಲು. ಏನೂ ಆಗದಿದ್ದರೂ ಪೊಲೀಸರಿಗೆ ಕೋವಿ ತೋರಿಸಿದ್ದಕ್ಕೆ ಕೇಸಂತೂ ಆಯಿತು ಅಂದುಕೊಂಡೆ. ವಿಭೂತಿ ಹಚ್ಚಿದ ಆ ಹಣೆಯನ್ನು ಕೋರ್ಟಿನ ಕಟಕಟೆಯಲ್ಲಿ ಊಹಿಸಿಕೊಂಡು ನನಗೆ ಅಳು ಒತ್ತಿ ಬಂತು.

ಗೇಟಿನ ಹತ್ತಿರ ಆಗಲೇ ಜನ ಸೇರಿದ್ದರು. ಊರಿನವರು, ಎದುರಿನ ಎಸ್ಟೇಟಿನ ಲೈನುಮನೆಗಳ ಕೂಲಿಯವರು. ಇಂಥ ಹೊತ್ತಿನಲ್ಲಿ ಜನ ಎಂಥವರಾಗುತ್ತಾರೆ ಎಂಬುದನ್ನು ಅಂದು ನೋಡಿದೆ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಒಬ್ಬಟ್ಟು ತಿಂದ ಹುಡುಗರೇ "ಬುಡ್ಬೇಡಿ ಯಜಮಾನ್ರೆ! ಒಂದು ಈಡು ಬಿಡಿ!" ಎಂದು ಕೂಗುತ್ತಿದ್ದರು. ಅವರಿಗೆ ಸಿನಿಮಾ. ಹೋಗಿ ನಾಲ್ಕು ಬಾರಿಸಿ ಬರಬೇಕೆನಿಸಿತು ನನಗೆ. ದಫೇದಾರ ಕೆಂಡವಾಗಿದ್ದ. ಊರೆದುರಿಗೆ ನೂಕಿಸಿಕೊಂಡಿದ್ದನಲ್ಲ. "ಸಾರ್, ಬಾಗ್ಲು ಒಡೆದುಬುಡೋಣ, ವೈರ್‌ಲೆಸ್ಸಲ್ಲಿ ಇನ್ನೂ ಜನ ಕರೆಸಿ" ಎಂದು ಒಂದೇ ಸಮ ಹೇಳುತ್ತಿದ್ದ.

ಸಬ್ ಇನ್ಸ್‌ಪೆಕ್ಟರು ಕಿಟಕಿಯಲ್ಲಿದ್ದ ನಳಿಗೆಯನ್ನೊಮ್ಮೆ ನೋಡಿ, ತಿರುಗಿ ಗೇಟಿಗೆ ಹೋಗಿ, ಎಲ್ಲರಿಗಿಂತ ಹೆಚ್ಚು ಕೂಗುತ್ತಿದ್ದ ಹುಡುಗರನ್ನೇ ಕರೆದರು. "ಬರ್ರಪಾ, ಈ ಗಾಡಿ ಹಿಂದಕ್ಕ ನೂಕೂಣು. ಎಂಜಿನ್ ಚಾಲೂ ಮಾಡಿದ್ರ ಗಾಲಿ ತಿರುಗಿ ಇನ್ನಷ್ಟು ಕಾಫಿ ಹಾಳಾಗ್ತದ." ಹುಡುಗರು ಮುಖ ಮುಖ ನೋಡಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಬಂದು ನೂಕಿದರು. ನೂಕುವಾಗ ಕೂಗುವುದು ಸಾಧ್ಯವೇ? ಜೀಪು ಗೇಟಿನಾಚೆ ರಸ್ತೆಯ ತಿರುವಿನವರೆಗೆ ಹೋಗಿ ಮರೆಯಾಯಿತು. ಅದರೊಂದಿಗೆ ಅರ್ಧ ಗಲಾಟೆಯೂ ಹೋಯಿತು.

ಸಬ್ ಇನ್ಸ್‌ಪೆಕ್ಟರು ವಾಪಸು ಬಂದಾಗ ಕಾಲಲ್ಲಿ ಬೂಟು ಇರಲಿಲ್ಲ. ಸೊಂಟದ ಬೆಲ್ಟು, ಪಿಸ್ತೂಲು ಕೂಡ ಇರಲಿಲ್ಲ, ಜೀಪಿನಲ್ಲಿ ಬಿಟ್ಟು ಬಂದಿದ್ದರು. ಕಣದ ಮೂಲೆಯಲ್ಲಿದ್ದ ಗೋರುಮಣೆ ತೆಗೆದುಕೊಂಡು, ಚಕ್ರ ಹಾದ ಜಾಗದಲ್ಲಿ ಚದುರಿದ ಹಣ್ಣನ್ನು ಎಳೆದು ಹರವತೊಡಗಿದರು. ಆ ಸೀಮೆಯವರಿಗೆ ಜೋಳ ಗೊತ್ತು, ಕಾಫಿ ಎಲ್ಲಿಂದ ಗೊತ್ತಿರಬೇಕು? ಒಣಗಿದ್ದನ್ನೂ ಹಸಿಯನ್ನೂ ಒಂದೇ ಮಾಡಿ ಗುಡ್ಡೆ ಹಾಕುತ್ತಿದ್ದರು. ಸ್ವಲ್ಪ ಹೊತ್ತು ಕಿಟಕಿಯಿಂದ ನೋಡಿದ ಮಾವ ತಡೆಯಲಾರದೆ ಕೂಗಿಬಿಟ್ಟರು.

"ಹಂಗಲ್ಲ ಕಣಯ್ಯ! ನಿನ್ನೇದ್ನ ಇವತ್ತಿಂದಕ್ಕೆ ಬೆರೆಸ್ತಿದೀಯಲ್ಲ, ಬೂಸ್ಟು ಹಿಡಿಯಲ್ವಾ? ಅದ್ನ ಆ ಕಡೀಕೆ ಎಳಿ!"

"ಈ ಕಡೆಗೇನ್ರಿ?"

"ಹೂಂ. ತೆಳ್ಳಗೆ ಹರವು. ಅಯ್ಯ, ತೆಳ್ಳಗೆ ಅಂದ್ರೆ ತೆಳ್ಳಗೆ!"

ಕೋವಿ ಕಿಟಕಿಯಲ್ಲೇ ಇತ್ತು. ಆದರೂ ನನಗೆ ಉಸಿರು ಬಂತು. ಮಾವ ಯಾರನ್ನಾದರೂ ಬೈದು ಕೆಲಸ ಕಲಿಸುತ್ತಿದ್ದಾರೆ ಎಂದರೆ ಅವರು ಸ್ವಲ್ಪ ನೆಲಕ್ಕಿಳಿದಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಅಡುಗೆ ಕಲಿತದ್ದೇ ಹಾಗೆ.

ಹರವಿ ಮುಗಿಸಿ ಅವರು ಜಗಲಿಯ ಕೊನೆಯಲ್ಲಿ, ಕಿಟಕಿಗೆ ಕಾಣುವ ಹಾಗೆ ಕೂತರು. ನೀರು ಕೇಳಿದರು. ನಾನು ಕಿಟಕಿಯ ಸರಳಿನ ಸಂದಿಯಿಂದ ಚೊಂಬು ಕೊಟ್ಟೆ. ಕುಡಿದು, ಚೊಂಬನ್ನು ಕೆಳಗಿಟ್ಟು ನನ್ನನ್ನೇ ಕೇಳಿದರು, "ಅಕ್ಕಾ, ನಾ ಏನ್ ತಪ್ಪು ಮಾಡೀನಿ ಹೇಳ್ರಿ. ಯಜಮಾನ್ರು ಯಾರು ಸತ್ರು ಅಂತ ಯಾಕ ಕೇಳಿದ್ರು?" ಅವರ ಬಾಯಲ್ಲಿ ‘ಅಜ್ಜಾರ’ ಹೋಗಿ ‘ಯಜಮಾನ್ರು’ ಆಗಿತ್ತು. ನಾನು ಹೇಳಿದೆ. ಸ್ವಲ್ಪ ಸಿಟ್ಟಿನಲ್ಲೇ ಹೇಳಿದೆ. ಜೀಪು ಯಾವಾಗ ಬರುತ್ತದೆ, ಯಾರ ಮನೆಗೆ ಬರುತ್ತದೆ ಎಲ್ಲವನ್ನೂ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಎದ್ದು ಕಿಟಕಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಯಜಮಾನ್ರ, ತಪ್ಪು ನಂದೈತ್ರಿ. ನನಗ ಗೊತ್ತಿರಲಿಲ್ಲ. ಇದು ನಿಮ್ಮ ಹೆಗಲ ಮ್ಯಾಲೇ ಬರಬೇಕು. ನಾ ಇಲ್ಲೇ ಕುಂತಿರ್ತೀನಿ, ನಿಮಗ ಯಾವಾಗ ಬರಬೇಕನಸ್ತದ ಆವಾಗ ಬರ್ರಿ" ಎಂದರು.

ಮಾವ ಕೋವಿಯನ್ನು ಕಿಟಕಿಯಿಂದ ತೆಗೆಯಲಿಲ್ಲ. ಸಬ್ ಇನ್ಸ್‌ಪೆಕ್ಟರು ಕೂತೇ ಇದ್ದರು. ಗೇಟಿನಲ್ಲಿದ್ದವರಿಗೆ ಬೇಸರ ಬಂತು. ಒಬ್ಬೊಬ್ಬರಾಗಿ ಕರಗಿದರು, ಏನೂ ನಡೆಯದ ಕಡೆ ಯಾರು ನಿಲ್ಲುತ್ತಾರೆ?

ಮಾವನ ಪೂಜೆಯ ಹೊತ್ತು ಮೀರಿತ್ತು. ಮಧ್ಯಾಹ್ನ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಅವರು ಒಂದು ತುತ್ತೂ ಮುಟ್ಟಿದವರಲ್ಲ, ಜ್ವರ ಬಂದಾಗಲೂ. "ನೀರು ಕಾದೈತೆ ಮಾವ" ಎಂದೆ. ಅವರು ನನ್ನ ಮುಖ ನೋಡಿದರು, ಹೊರಗೆ ನೋಡಿದರು, ಕೊನೆಗೆ ಕೋವಿಯನ್ನು ಹಿಡಿದುಕೊಂಡೇ ಬಚ್ಚಲಿಗೆ ಹೋದರು. ಬಂದು ಮಡಿಪಂಚೆ ಹೊದ್ದು ನಡುಮನೆಯಲ್ಲಿ ಮಣೆ ಹಾಕಿಕೊಂಡು, ಅಡುಗೆಮನೆಗೆ ಬೆನ್ನು ಮಾಡಿ ಪೂಜೆಗೆ ಕೂತರು. ಮಂತ್ರದ ಸದ್ದು ಸಣ್ಣಗೆ ಶುರುವಾಯಿತು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಎಂದಿನಂತೆ ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಪತ್ರೆ, ಹೂವು ಇರಬೇಕು. ಕೋವಿಯನ್ನು ಮೂಲೆಗೆ ಒರಗಿಸಿದ್ದಾರೆ ಅಂದುಕೊಂಡೆ. ಪೂಜೆಗೆ ಕೂತವರು ಅದನ್ನು ಮುಟ್ಟುವುದುಂಟೇ?

ದಫೇದಾರನೂ ಅದನ್ನೇ ಅಂದುಕೊಂಡ. ಮಂತ್ರ ಕೇಳಿಸಿಕೊಂಡು ಹಿತ್ತಲಿಗೆ ಬಂದು, ಅಡುಗೆಮನೆಯ ಕಿಟಕಿಯಲ್ಲಿ ಪಿಸುಗುಟ್ಟಿದ. "ತಾಯಿ, ಪೂಜೆಗೆ ಕೂತವ್ರೆ, ಕೈಲಿ ಕೋವಿ ಇಲ್ಲ. ಹಿತ್ತಲ ಬಾಗ್ಲು ತೆಗಿ. ಹಿಂದಿಂದ ಬಂದು ಮೆಲ್ಲಗೆ ಹಿಡ್ಕಂಡ್ಬುಡ್ತೀನಿ. ಯಾರ್ಗೂ ಏನೂ ಆಗಲ್ಲ. ನಿಮ್ಮಾವನ ಜೀವ ಉಳಿಸ್ಕಬೇಕಾ ಬೇಡ್ವಾ?"

ಅವನು ಕೆಟ್ಟ ಮನುಷ್ಯನೇನೂ ಅಲ್ಲ. ಹೇಳಿದ್ದು ಸರಿ ಎಂದೇ ನನಗೂ ತೋರಿತು. ಇದೊಂದು ಮುಗಿದರೆ ಸಾಕಾಗಿತ್ತು. ಬಾಗಿಲ ಹತ್ತಿರ ಹೋಗಿ ಚಿಲಕದ ಮೇಲೆ ಕೈಯಿಟ್ಟೆ. ಅದು ಹಳೆಯ ಕಬ್ಬಿಣದ ಚಿಲಕ, ಎಳೆದರೆ ಕಿರುಗುಟ್ಟುತ್ತಿತ್ತು. ಸದ್ದಾಗದಂತೆ ಹೇಗೆ ಎಳೆಯುವುದು ಎಂದು ನೋಡುತ್ತಿದ್ದೆ.

ಆಗ ಸಬ್ ಇನ್ಸ್‌ಪೆಕ್ಟರ ದನಿ ಹೊರಗಿನಿಂದ ಕೇಳಿತು, ಮೆತ್ತಗೆ. "ಏನ್ ನಡದದ ಇಲ್ಲಿ?"

"ಸಾರ್, ಇದೇ ಟೈಮು. ಪೂಜೆ ಮುಗುದ್ರೆ ಮತ್ತೆ ಕೋವಿ ಹಿಡ್ಕತಾರೆ."

"ಹಿಡೀಲಿ. ಅವರ ಕೈಯಾಗ ಇದ್ರ ತಾನ ಅವರು ತಂದು ಕೊಡೂದು? ನಾವು ಕಸಗೊಂಡ್ರ ಈ ಮನುಷ್ಯಾಗ ಇನ್ನೇನು ಉಳೀತದ?" ಸ್ವಲ್ಪ ತಡೆದು ಮತ್ತೆ ಹೇಳಿದರು, "ಪೂಜಿ ಮಾಡುವವರ ಬೆನ್ನಿಗೆ ಬಿದ್ದು ಹಿಡದ್ರಂತ ನಾಳೆ ಸುದ್ದಿ ಆದ್ರ, ಈ ಸೀಮ್ಯಾಗ ಯಾರಾದ್ರೂ ಸ್ಟೇಷನ್ ಮೆಟ್ಟಿಲ ಹತ್ತತಾರೇನು?" ಆಮೇಲೆ ಬಾಗಿಲಿನ ಕಡೆ, ನನಗೆ: "ಅಕ್ಕಾ, ಚಿಲಕಾ ತೆಗೀಬ್ಯಾಡ್ರಿ. ಒಲಿ ಕಡೆ ಹೋಗ್ರಿ. ಅಡಗಿ ನೋಡ್ರಿ ನೀವು."

ನಾನು ಕೈ ತೆಗೆದೆ. ನಿಜ ಹೇಳಬೇಕೆಂದರೆ ಆಗ ಆತನ ಮೇಲೆ ಸಿಟ್ಟೇ ಬಂತು. ಎಂಥ ಪುಕ್ಕಲ ಪೊಲೀಸ್ ಇವನು, ಎದುರಿಗಿರುವ ಅವಕಾಶ ಬಿಡುತ್ತಿದ್ದಾನಲ್ಲ ಅನಿಸಿತು. ಒಲೆಯ ಮೇಲೆ ಹುರುಳಿಕಾಳು ತಳ ಹಿಡಿದಿತ್ತು.

ಪೂಜೆ ಮುಗಿಯಿತು. ಮಾವ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಅವನ್ಯಾರೋ ಇನ್ನೂ ಕೂತವ್ನಾ?" ಎಂದರು. "ಕೂತವ್ರೆ" ಎಂದೆ. "ಉಂಡಿರ್ಲಿಕ್ಕಿಲ್ಲ" ಎಂದರು. ಜಗಲಿಯಲ್ಲಿ ಹಸಿದವನನ್ನು ಕೂರಿಸಿ ಒಳಗೆ ಉಣ್ಣುವುದು ಅವರ ಕೈಯಲ್ಲಿ ಆಗುವ ಕೆಲಸವಲ್ಲ. ಸ್ವಲ್ಪ ಹೊತ್ತು ಹೊಸ್ತಿಲನ್ನೇ ನೋಡುತ್ತಾ ನಿಂತಿದ್ದು, ಬಿಳಿ ಜುಬ್ಬ ತೊಟ್ಟು, ಕೋವಿ, ಕಂಬಳಿ ತೆಗೆದುಕೊಂಡು, ತಾವೇ ಮುಂಬಾಗಿಲ ಅಗುಳಿ ತೆಗೆದರು.

ಸಬ್ ಇನ್ಸ್‌ಪೆಕ್ಟರು ಎದ್ದು ನಿಂತರು, ಹತ್ತಿರ ಬರಲಿಲ್ಲ. ಮಾವ ಕಣದ ಅಂಚಿನಲ್ಲಿ ನಿಂತು ಕೋವಿ ಮಡಿಸಿ ಎರಡು ತೋಟೆ ಹೊರಗೆ ತೆಗೆದು ಅವರ ಅಂಗೈಗೆ ಹಾಕಿದರು. ಆಗ ನೋಡಿದೆ, ಆ ಮನುಷ್ಯನ ಖಾಕಿ ಅಂಗಿ ಬೆನ್ನಿನ ಮೇಲೆ ಪೂರ್ತಿ ಒದ್ದೆ. ಅಷ್ಟೂ ಹೊತ್ತು ನೆರಳಿನಲ್ಲಿ ಕೂತಿದ್ದರು. ಪುಕ್ಕಲ ಎಂದುಕೊಂಡೆನಲ್ಲ, ಹೌದು, ಹೆದರಿದ್ದರು. ಹೆದರಿಕೊಂಡೇ ಕೂತಿದ್ದರು, ಎದ್ದು ಹೋಗಿರಲಿಲ್ಲ.

"ನಿನ್ನ ಜೀಪಲ್ಲಿ ಬರಲ್ಲ" ಎಂದರು ಮಾವ. "ಬಸ್ಸಲ್ಲಿ ಬತ್ತೀನಿ."

"ನಾನೂ ಬಸ್ಸಿನಾಗ ಬರ್ತೀನ್ರಿ."

"ಮೊದ್ಲು ಉಣ್ಣು ಬಾ."

ತಳ ಹಿಡಿದ ಹುರುಳಿ ಸಾರು, ಮುದ್ದೆ. ಇಬ್ಬರೂ ಎದುರುಬದುರು ಕೂತು ಉಂಡರು. ದಫೇದಾರನಿಗೂ ಹಾಕಿದೆ. ಅವನು ಯಾರ ಮುಖವನ್ನೂ ನೋಡದೆ ಉಂಡು ಜೀಪು ತೆಗೆದುಕೊಂಡು ಹೋದ. ಮಾವನೊಂದಿಗೆ ನಾನೂ ಹೊರಟೆ. ಅಂದು ಅವರನ್ನು ಒಬ್ಬರನ್ನೇ ಕಳಿಸುವ ಧೈರ್ಯ ನನಗಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಕೋವಿ ನೋಡಿ, ಪಕ್ಕದಲ್ಲಿ ಕೂತ ಪೊಲೀಸರನ್ನು ನೋಡಿ, ತನ್ನ ತಮಾಷೆಯನ್ನು ನುಂಗಿಕೊಂಡ. ಸ್ಟೇಷನ್ನಿನಲ್ಲಿ ಮಾವ ಕಂಬಳಿ ಬಿಚ್ಚಿ ಕೋವಿಯನ್ನು ಮೇಜಿನ ಮೇಲಿಟ್ಟರು. ಅಲ್ಲಿದ್ದ ಪೇದೆಗಳಿಗೆ ಸುದ್ದಿ ಆಗಲೇ ಮುಟ್ಟಿತ್ತು, ಎಲ್ಲರೂ ನೋಡುತ್ತಿದ್ದರು. "ಯಜಮಾನ್ರು ತಾವಾಗೇ ಬಂದು ಒಪ್ಪಿಸ್ಯಾರ. ಹಂಗೇ ಬರಕೋರಿ" ಎಂದರು ಸಬ್ ಇನ್ಸ್‌ಪೆಕ್ಟರು. ಕೇಸಿನ ಮಾತೇ ಎತ್ತಲಿಲ್ಲ.

ಕಾನೂನು ಬಲ್ಲವರು ಇದನ್ನು ಓದಿ, ಅದು ತಪ್ಪು, ಕೇಸು ಹಾಕಬೇಕಿತ್ತು ಎನ್ನಬಹುದು. ಪೇಟೆಯಲ್ಲಿಯೂ ಅಂದರು. ಮುದುಕನಿಗೆ ಹೆದರಿ ಕಣ ಗುಡಿಸಿದ ಪೊಲೀಸ್ ಎಂದು ನಕ್ಕರು. ನಕ್ಕವರ ಬಾಯಿಗೆ ಬೀಗ ಹಾಕುವಷ್ಟು ನಾನು ದೊಡ್ಡವಳಲ್ಲ. ಆದರೆ ಮುಂದಿನ ಚುನಾವಣೆಗೆ ನಮ್ಮ ಸೀಮೆಯ ಮುದುಕರೆಲ್ಲ ಹೇಳಿಕೆ ಬರುವ ಮೊದಲೇ ಕಂಬಳಿ ಗಂಟು ಹೊತ್ತು ಹೋದರು, ಬೇಲಿ ಜಗಳ, ನೀರಿನ ಜಗಳ ಬಂದಾಗ ಕತ್ತಿ ಹಿಡಿಯುವ ಮೊದಲು ಸ್ಟೇಷನ್ನಿಗೆ ಹೋಗಿ ಕೂತರು. ಅಷ್ಟರಲ್ಲಿ ಆ ಸಬ್ ಇನ್ಸ್‌ಪೆಕ್ಟರಿಗೆ ವರ್ಗವಾಗಿತ್ತು. ಎಲ್ಲಿಗೆ ಎಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಮಾವ ಒಂದು ಚೀಲ ಕಾಫಿ ಪುಡಿ ಮಾಡಿಸಿಟ್ಟಿದ್ದರು, ಕೊಡಲಾಗಲಿಲ್ಲ ಎಂದು ಬಹಳ ದಿನ ಕೊರಗಿದರು. ಈಗ ಫೋನಿನಲ್ಲಿ ಪೊಲೀಸರೂ ಜನರೂ ಒಬ್ಬರ ಮೇಲೊಬ್ಬರು ಏರಿ ಹೋಗುವುದನ್ನು ಮೊಮ್ಮಕ್ಕಳು ತೋರಿಸುತ್ತಾರೆ. ನನಗೆ ನೋಡಲಾಗುವುದಿಲ್ಲ. ಯಾರಾದರೂ ಒಬ್ಬರು ಕೂತುಕೊಳ್ಳಬಾರದೇ ಅನಿಸುತ್ತದೆ.

ಅಂದು ವಾಪಸು ಬರುವಾಗ ಬಸ್ಸಿಳಿದು ನಾವಿಬ್ಬರೂ ಮನೆಯ ದಾರಿ ಹಿಡಿದೆವು. ಸಂಜೆಯ ಬಿಸಿಲಿತ್ತು. ಮಾವ ಮುಂದೆ, ನಾನು ಹಿಂದೆ. ಸ್ವಲ್ಪ ದೂರ ನಡೆದು ಅವರು ನಿಂತರು. ತಿರುಗಿ ನೋಡಲಿಲ್ಲ.

"ಅವ್ವಾ, ನಾನು ಪೂಜೆಗೆ ಕೂತಾಗ ಕೋವಿ ಕೆಳಗಿಟ್ಟಿದ್ದೆ ಅಂತ ನೀವೆಲ್ಲ ಅಂದ್ಕಂಡಿರ್ಬೇಕು."

ನಾನೂ ಅಲ್ಲೇ ನಿಂತೆ.

"ತೊಡೆ ಮೇಲೆ ಇತ್ತು ಕಣವ್ವ. ಪಂಚೆ ಒಳಗೆ, ನಳಿಗೆ ಮುಂದಕ್ಕೆ ಮಾಡ್ಕಂಡು. ಶಿವನ್ನ ಒಂದು ಕೈಲಿ ಮಡಿಕ್ಕಂಡು, ಇನ್ನೊಂದು ಕೈ ಕುದುರೆ ಮೇಲಿಟ್ಕಂಡು ಕೂತಿದ್ದೆ." ಕೋವಿಯ ಕುದುರೆ ಎಂದರೆ ಬೆರಳಿಟ್ಟು ಎಳೆಯುವ ಜಾಗ. "ಬಾಯಲ್ಲಿ ಮಂತ್ರ, ಕಿವಿಯೆಲ್ಲ ಹಿತ್ತಲ ಕಡೀಕೆ. ಅಲ್ಲಿಂದ್ಲೇ ಬತ್ತಾರೆ ಅಂತ ಗೊತ್ತಿತ್ತು. ಆ ಚಿಲಕ ಒಂಚೂರು ಕಿರ್ ಅಂದಿದ್ರೆ ತಿರುಗಿ ಹೊಡೆದ್ಬುಡ್ತಿದ್ದೆ. ಯಾರು ಏನು ಅಂತ ನೋಡ್ತಿರ್ಲಿಲ್ಲ. ದೇವ್ರು ದೊಡ್ಡೋನು, ಯಾರೂ ತೆಗೀಲಿಲ್ಲ."

ನಾನು ದಾರಿಯ ದಿಣ್ಣೆಯ ಮೇಲೆ ಕೂತುಬಿಟ್ಟೆ. ಅಂಗೈಯಲ್ಲಿ ಚಿಲಕದ ತುಕ್ಕಿನ ಕೆಂಪು ಇನ್ನೂ ಇತ್ತು. ಸೆರಗಿನಿಂದ ಒರೆಸಿಕೊಂಡೆ. ಮಾವ ಗಾಬರಿಯಾಗಿ ಓಡಿಬಂದು, "ಯಾಕವ್ವ, ಏನಾಯ್ತು, ತಲೆ ತಿರುಗ್ತಾ? ಬೆಳಿಗ್ಗಿಂದ ನೀನು ಏನೂ ಉಂಡಿಲ್ವಲ್ಲ" ಎಂದು ನನ್ನ ತಲೆ ಸವರಿದರು.

ಹೌದು ಮಾವ, ಹಸಿವು ಎಂದೆ. ಅವರು ಸಾಯುವವರೆಗೂ ಅಷ್ಟೇ ಹೇಳಿದೆ.